ಅಂಚೆಗೆ ಹಾಕದ ಮದುವೆ

ಆ ಕಾಗದವನ್ನು ನಾನು ನಿಮ್ಮ ಕೈಗೆ ಕೊಟ್ಟಿರಲಿಲ್ಲ, ಅರವಿಂದ. ಕೊಟ್ಟೆ ಎಂದು ನನ್ನ ಮಗಳ ಮುಂದೆ, ನಿಮ್ಮ ಮುಖ ನೋಡಿಕೊಂಡೇ ಹೇಳಿದೆ. ಅದು ಸುಳ್ಳು. ನೀವು ಕೋರ್ಟಿಗೆ ಕಳಿಸದೆ ಮುಚ್ಚಿಟ್ಟಿರಿ ಎಂದು ವಿನುತಾ ನಂಬಿದ ಆ ಮದುವೆಯ ಲೈಸೆನ್ಸು, ಅವಳು ನಿಮ್ಮನ್ನು ಮನೆ ಬಿಟ್ಟು ಹೋಗಿ ಎಂದ ದಿನವೂ, ನನ್ನ ಸೂಟ್‌ಕೇಸಿನ ಒಳಜೇಬಿನಲ್ಲಿತ್ತು.

ನೀವು ಈಗ ಶಾರ್ಲೆಟ್‌ನಲ್ಲಿದ್ದೀರಿ ಎಂದು ಕೇಳಿದ್ದೇನೆ. ಇಷ್ಟು ವರ್ಷದ ಮೇಲೆ ಈ ಮುದುಕ ಯಾಕೆ ಬರೆಯುತ್ತಿದ್ದಾನೆ, ಇದರ ಹಿಂದೆ ಏನಿದೆ ಎಂದು ನಿಮಗೆ ಅನುಮಾನ ಬರಬಹುದು. ಬರಲಿ. ಅನುಮಾನಪಡುವ ಹಕ್ಕು ಆ ಮನೆಯಲ್ಲಿ ಯಾರಿಗಾದರೂ ಇದ್ದಿದ್ದರೆ ಅದು ನಿಮಗಿತ್ತು — ಪಟ್ಟದ್ದು ನಾನು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಬಸ್ ಕಂಡಕ್ಟರ್ ಆಗಿ ಸೇರಿ, ಟಿಕೆಟ್ ತಪಾಸಣೆ ಮಾಡುವ ಇನ್‌ಸ್ಪೆಕ್ಟರ್ ಆಗಿ ನಿವೃತ್ತನಾದವನು. ಮೈಸೂರಿನ ಸುತ್ತಮುತ್ತ ಯಾವುದೋ ಹುಣಸೆಮರದ ಕೆಳಗೆ ಕಾದು ನಿಂತು, ಕೈ ಅಡ್ಡ ಹಿಡಿದು, ಬಸ್ಸು ಹತ್ತುತ್ತಿದ್ದೆ. ಆ ಕೆಲಸ ನನಗೊಂದು ಪಾಠ ಕಲಿಸಿತ್ತು. ಟಿಕೆಟ್ ಹುಡುಕುತ್ತ ಜೇಬು ತಡಕಾಡುವವನು ಸಾಮಾನ್ಯವಾಗಿ ಪ್ರಾಮಾಣಿಕ. ಕೇಳುವ ಮೊದಲೇ ನಗುತ್ತ ಚಾಚುತ್ತಾನಲ್ಲ, ಅವನದನ್ನು ತಿರುಗಿಸಿ ನೋಡಬೇಕು. ಎಷ್ಟೋ ಸಲ ಆ ಪಾಠ ನಿಜವಾಗಿತ್ತು. ನಿಜವಾಗದ ಸಲಗಳೂ ಇದ್ದವು — ಅವನ್ನು ನಾನು ನೆನಪಿಟ್ಟುಕೊಂಡಿಲ್ಲ.

ಇನ್ನೊಂದು ಮಾತು. ನಾನು ಮದುವೆಯಾದದ್ದು ನನ್ನ ಅಕ್ಕನ ಮಗಳನ್ನೇ. ನಮ್ಮಪ್ಪನೂ ಹಾಗೆಯೇ. ನಮ್ಮ ಮನೆತನದಲ್ಲಿ ಹೊರಗಿನಿಂದ ಗಂಡು ಬಂದದ್ದೇ ಇಲ್ಲ. ಆದ್ದರಿಂದ ಗಂಡಿನ ಪೂರ್ವಾಪರ ವಿಚಾರಿಸುವ ಅಭ್ಯಾಸವೂ ಇರಲಿಲ್ಲ. ತೊಟ್ಟಿಲಲ್ಲಿ ನೋಡಿದ ಹುಡುಗನಿಗೇ ಹೆಣ್ಣು ಕೊಡುತ್ತಿದ್ದೆವು. ಮೂವತ್ತೇಳು ದಾಟಿದ ನನ್ನ ಮಗಳು, ರಾಕ್‌ವಿಲ್‌ನ ಲ್ಯಾಬೊಂದರಲ್ಲಿ ದೊಡ್ಡ ಕೆಲಸದಲ್ಲಿರುವವಳು, ಅಮೆರಿಕದ ಪೌರಳು, ಒಂದು ಸಂಜೆ ನಿಮ್ಮನ್ನು ಕರೆತಂದು "ಅಪ್ಪಾ, ಇವ್ರು ಅರವಿಂದ್. ಸ್ಟರ್ಲಿಂಗ್‌ನಲ್ಲಿ ಕೆಲ್ಸ. ಹಾಸನದವ್ರು" ಎಂದಾಗ ನನಗೆ ಏನು ಕೇಳಬೇಕೆಂದೇ ತೋಚಲಿಲ್ಲ. ಹಾಸನದಲ್ಲಿ ನಮಗೆ ಯಾರೂ ಇರಲಿಲ್ಲ. ಕೊನೆಗೆ ಒಂದೇ ಪ್ರಶ್ನೆ ಕೇಳಿದೆ: "ವೀಸಾ ಮೇಲಿದ್ದೀರಾ?"

ನೀವು ಹೌದೆಂದಿರಿ. ಅಷ್ಟು ಸಾಕಾಯಿತು ನನಗೆ.

ಇಲ್ಲಿ ಕಾಯಂ ಉಳಿಯುವ ಗ್ರೀನ್ ಕಾರ್ಡಿಗಾಗಿ ಬಂದಿದ್ದಾನೆ ಎಂದು ಅಂದೇ ತೀರ್ಮಾನಿಸಿದೆ. ನನ್ನ ಜೇಬಿನಲ್ಲಿದ್ದ ಕಾರ್ಡೂ ಅದೇ ಮಗಳ ದೆಸೆಯಿಂದಲೇ ಬಂದದ್ದು ಎಂಬುದು ಆಗ ಮನಸ್ಸಿಗೆ ಹೊಳೆಯಲಿಲ್ಲ. ಅಪ್ಪ ತೆಗೆದುಕೊಂಡರೆ ಅದು ಬೇರೆ — ಹಾಗೇನೋ ಅಂದುಕೊಂಡಿದ್ದೆ.

ಕೊರೋನಾದ ಎರಡನೆಯ ವರ್ಷ ಅದು. ಇಲ್ಲಿ ಮದುವೆಗೆ ಮೊದಲು ಕೋರ್ಟಿನ ಲೈಸೆನ್ಸು ಬೇಕು; ಅದಕ್ಕೆ ಅರ್ಜಿ ಹಾಕಲು ಮುಂಚಿತವಾಗಿ ಸಮಯ ಗೊತ್ತುಮಾಡಿಕೊಳ್ಳಬೇಕಿತ್ತು. ನೀವು ಬೆಳಿಗ್ಗೆ ಮನೆಗೆ ಬಂದು, "ಇಬ್ರೂ ಹೋಗ್ಬೇಕಂತಿಲ್ಲ ಅಂಕಲ್, ಒಬ್ರು ಹೋದ್ರೆ ಸಾಕಂತೆ. ವಿನುಗೆ ಲ್ಯಾಬ್ ಇದೆ. ನಾನೇ ಹೋಗಿ ಅಪ್ಲೈ ಮಾಡ್ಬಿಡ್ತೀನಿ" ಎಂದಿರಿ. ಹೆಣ್ಣು ಬರದೆ ಹೆಣ್ಣಿನ ಮದುವೆಗೆ ಅಪ್ಪಣೆ ಕೊಡುತ್ತಾರೆಯೇ! ನನಗೆ ಆ ನಿಯಮದ ಮೇಲೂ ಅನುಮಾನ, ನಿಮ್ಮ ಮೇಲೂ ಅನುಮಾನ. "ನನಗೂ ಮನೇಲಿ ಕೂತು ಬೇಜಾರು, ನಾನೂ ಬರ್ತೀನಿ" ಎಂದು ಕಾರು ಹತ್ತಿದೆ. ಜೊತೆಗೆ ಬಂದೆ ಎಂದು ನೀವು ಸಂತೋಷಪಟ್ಟಿರಿ. ನಾನು ಬಂದದ್ದು ಕಾವಲಿಗೆ.

ಕೋರ್ಟಿನ ಕಚೇರಿಯಲ್ಲಿ ಗಾಜಿನ ಆಚೆ ಕುಳಿತಿದ್ದ ಹೆಂಗಸು ಪ್ರಶ್ನೆಗಳನ್ನು ಕೇಳುತ್ತ ಹೋದಳು. ಇಬ್ಬರ ಹೆಸರು, ವಯಸ್ಸು, ಹುಟ್ಟಿದ ಊರು. ಹಿಂದೆ ಮದುವೆಯಾಗಿತ್ತೇ. ನೀವು ವಿನುತಾಳ ಪೂರ್ತಿ ಹೆಸರು, ಅವಳು ಹುಟ್ಟಿದ ನಂಜನಗೂಡಿನ ಹೆಸರು, ಎಲ್ಲವನ್ನೂ ತಡವರಿಸದೆ ಹೇಳಿದಿರಿ. ಬೇರೆ ಯಾವ ಮಾವನಾದರೂ ಮೆಚ್ಚುತ್ತಿದ್ದ. ನಾನು ಮಾತ್ರ — ಎಷ್ಟು ಚೆನ್ನಾಗಿ ಬಾಯಿಪಾಠ ಮಾಡಿಕೊಂಡು ಬಂದಿದ್ದಾನೆ ನೋಡು, ಎಂದುಕೊಂಡೆ. ಕೇಳುವ ಮೊದಲೇ ಟಿಕೆಟ್ ಚಾಚುವವನು.

ಆಮೇಲೆ ಅವಳು, ನಿಮ್ಮಿಬ್ಬರಿಗೂ ರಕ್ತಸಂಬಂಧ ಏನಾದರೂ ಇದೆಯೇ ಎಂದು ಕೇಳಿದಳು. ಇಲ್ಲವೆಂದು ಹೇಳಿ ನನ್ನ ಕಡೆ ತಿರುಗಿ ಮಾಸ್ಕಿನೊಳಗೇ ನಕ್ಕಿರಿ: "ನಿಮ್ಮ ಮದುವೆ ಆಗಿದ್ರೆ ಈ ಪ್ರಶ್ನೆಗೇ ಫೇಲ್ ಮಾಡ್ಬಿಡೋರು ಅಂಕಲ್! ಸೋದರಮಾವ ಅಂದ್ರೆ ಇಲ್ಲಿ ಲೈಸೆನ್ಸೇ ಇಲ್ಲ."

ಅದೊಂದು ತಮಾಷೆ. ಈಗ ನೆನೆದರೆ ನನಗೂ ನಗು ಬರುತ್ತದೆ. ಅಂದು ಮಾತ್ರ ತೀರಿಹೋದ ನನ್ನ ಹೆಂಡತಿಯನ್ನೇ ಯಾರೋ ಗಾಜಿನಾಚೆಯಿಂದ ಹೊರಗೆ ಕಳಿಸಿದಂತಾಯಿತು. ಮುಖ ಬಿಗಿದುಕೊಂಡೆ. ನೀವು ಗಮನಿಸಿ, "ಸಾರಿ ಅಂಕಲ್" ಎಂದಿರಿ. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಈ ಲೈಸೆನ್ಸು ಈ ಕೌಂಟಿಯೊಳಗೆ, ಅಂದರೆ ಈ ಜಿಲ್ಲೆಯೊಳಗೆ, ನಡೆಯುವ ಮದುವೆಗೆ ಮಾತ್ರ, ಅದೂ ತಕ್ಷಣಕ್ಕೆ ಅಲ್ಲ, ನಾಳೆ ಕಳೆದು ನಾಡಿದ್ದು ಬೆಳಿಗ್ಗೆ ಆರು ಗಂಟೆಯ ಮೇಲೆ, ಎಂದು ಆ ಹೆಂಗಸು ಹೇಳಿದಳು. ನೀವು ಪಕ್ಕದ ರಾಜ್ಯದ ಸ್ಟರ್ಲಿಂಗ್‌ನಲ್ಲಿ ಗೆಳೆಯರು ನೋಡಿದ್ದ ಮದುವೆ ಹಾಲ್ ಬಿಟ್ಟು, ವಿನುತಾಳ ಮನೆಯ ಹಿತ್ತಲಲ್ಲೇ ಮಾಡೋಣ ಎಂದಿರಿ. ನಿಯಮ ಅದು, ನನ್ನ ಕಿವಿಯಾರೆ ಕೇಳಿದ್ದೆ. ಆದರೂ, ತನ್ನ ಕಡೆಯ ಜನ ನೋಡಬಾರದೆಂದು ಇಲ್ಲಿಗೆ ತಂದಿದ್ದಾನೆಯೇ ಎಂಬ ಹುಳು ತಲೆಯೊಳಗೆ ಹೊಕ್ಕಿತು. ಒಮ್ಮೆ ಹೊಕ್ಕರೆ ಅದಕ್ಕೆ ಊಟಕ್ಕೇನೂ ಕೊರತೆಯಿಲ್ಲ.

ಮದುವೆಯ ದಿನ ಹಿತ್ತಲಿನ ಹುಲ್ಲಿನ ಮೇಲೆ ಶಾಮಿಯಾನ. ವರ್ಜೀನಿಯಾದಿಂದ ಶಾಸ್ತ್ರಿಗಳು ಬಂದಿದ್ದರು. "ಪಂಚಾಂಗದ ಮುಹೂರ್ತಕ್ಕಿಂತ ಕೌಂಟಿ ಮುಹೂರ್ತಾನೇ ಕಷ್ಟ ಯಜಮಾನ್ರೇ" ಎಂದು ನಗಿಸಿದರು. ಹಾಸನದಿಂದ ನಿಮ್ಮ ತಾಯಿ ವಿಡಿಯೋದಲ್ಲಿ ಧಾರೆ ನೋಡಬೇಕಿತ್ತು. ಅವರು ಕಾಣಿಸಲಿಲ್ಲ. ನೆಟ್‌ವರ್ಕ್ ಇಲ್ಲವಂತೆ ಎಂದಿರಿ. ನಿಮ್ಮ ಕಣ್ಣು ಆಗ ನೆಲ ನೋಡುತ್ತಿತ್ತು — ಇದೊಂದನ್ನು ನಾನು ಸರಿಯಾಗಿಯೇ ಕಂಡೆ.

ಧಾರೆ ಮುಗಿದ ಗಳಿಗೆಯಿಂದ ನನ್ನನ್ನು "ಮಾವ" ಎನ್ನತೊಡಗಿದಿರಿ. ಊಟದ ಹೊತ್ತಿಗೆ ನಾನು ಕುಡಿಯುವ ನೀರಿನ ಬಾಟಲಿ ತರಲು ಗ್ಯಾರೇಜಿಗೆ ಹೋದೆ. ಬಾಗಿಲಾಚೆ ನೀವು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಿರಿ: "ಪೇಪರ್ ಒಂದು ಬಂದ್ಬಿಡ್ಲಿ, ಆಮೇಲೆ ಎಲ್ಲಾ ಸರಿಹೋಗುತ್ತೆ. ವಿನುಗೆ ಇನ್ನೂ ಹೇಳಿಲ್ಲ. ನೀನೂ ಬಾಯ್ಬಿಡ್ಬೇಡ."

ನನ್ನ ಎದೆ ಹೊಡೆದುಕೊಂಡಿತು. ಹೆದರಿಕೆಯಿಂದಲ್ಲ — ಸತ್ಯ ಹೇಳುತ್ತೇನೆ — ಸಿಕ್ಕಿಬಿದ್ದ ಎಂಬ ಸಂತೋಷದಿಂದ.

ಶಾಸ್ತ್ರಿಗಳಿಗೆ ಮಧ್ಯಾಹ್ನ ಪಕ್ಕದ ಊರು ಕೊಲಂಬಿಯಾದಲ್ಲಿ ಸತ್ಯನಾರಾಯಣ ಪೂಜೆ. ಅವಸರದಲ್ಲಿ ಲೈಸೆನ್ಸಿಗೆ ಸಹಿ ಹಾಕಿದರು. ಅಂದದ ಅಂಚಿದ್ದ ಪ್ರತಿಯನ್ನು ವಿನುತಾಳ ಕೈಗೆ ಕೊಟ್ಟರು. ಕೋರ್ಟಿಗೆ ವಾಪಸು ಹೋಗಬೇಕಾದ ಪ್ರತಿಯನ್ನು ಮಾತ್ರ ನನ್ನತ್ತ ಚಾಚಿ, "ಇದನ್ನ ನಾನೇ ಕಳಿಸ್ಬೇಕು, ಐದು ದಿನದೊಳಗೆ ಸೇರ್ಬೇಕು. ದಾರೀಲಿ ಪೋಸ್ಟ್ ಆಫೀಸ್ ಸಿಗಲ್ಲ. ಯಜಮಾನ್ರೇ, ನೀವೇ ಹಾಕ್ಬಿಡಿ" ಎಂದರು. ಹೆಣ್ಣಿನ ತಂದೆಯಲ್ಲದೆ ಇನ್ಯಾರನ್ನು ನಂಬುತ್ತಾರೆ? ನಮ್ಮವರಿಗೆ ಮದುವೆಯೆಂದರೆ ಧಾರೆ, ಮಾಂಗಲ್ಯ; ಅಲ್ಲಿಗೆ ಮುಗಿಯಿತು. ಅಂಚೆಪೆಟ್ಟಿಗೆಯವರೆಗೂ ಮದುವೆ ನಡೆಯುತ್ತಿರುತ್ತದೆ ಎಂದು ಆ ಹಿತ್ತಲಲ್ಲಿ ಯಾರಿಗೂ ಅನ್ನಿಸಲಿಲ್ಲ. ನನಗೆ ಅನ್ನಿಸಿತು. ಅದೇ ನನ್ನ ಕೈಯಲ್ಲಿ ಆಯುಧವಾಯಿತು.

ಸಂಜೆ ನೀವು ಬಂದು, "ಮಾವ, ಕೋರ್ಟಿನ ಕಾಗದ ಕಳಿಸಿದ್ರಾ?" ಎಂದು ಕೇಳಿದಿರಿ. ನಾಳೆ ಹಾಕುತ್ತೇನೆ ಎಂದೆ. ಮರುದಿನ ಮತ್ತೆ ಕೇಳಿದಿರಿ. ಹಾಕಿದೆ ಎಂದೆ.

ಒಂದು ವಾರ ನೋಡೋಣ ಅಂದುಕೊಂಡಿದ್ದೆ, ಅಷ್ಟೆ. ಆ ಫೋನಿನ ಗುಟ್ಟು ಬಯಲಾಗಲಿ, ಆಮೇಲೆ ಕಳಿಸಿದರಾಯಿತು ಎಂದು. ಗಡುವು ದಾಟಿದ ಮೇಲೆ ಕಳಿಸಲು ಭಯ. ಭಯ ಹಳೆಯದಾದ ಮೇಲೆ — ಅದು ಅಲ್ಲಿದೆ ಎಂಬುದೇ ಅಭ್ಯಾಸವಾಗಿಬಿಟ್ಟಿತು. ವಿನುತಾ ಅಂದದ ಪ್ರತಿಗೆ ಚೌಕಟ್ಟು ಹಾಕಿಸಿ ಹಾಲ್‌ನ ಗೋಡೆಗೆ ತೂಗುಹಾಕಿದಳು. ಅದರ ಕೆಳಗೆ ಕುಳಿತು ನಾನು ದಿನಾ ಕಾಫಿ ಕುಡಿದೆ.

ಆ ತಿಂಗಳುಗಳಲ್ಲಿ ನಿಮ್ಮಲ್ಲಿ ನಾನು ಏನು ಕಂಡೆ? ನನಗೆ ಚಳಿಗೆ ಕಾಲು ಹಿಡಿದುಕೊಂಡರೆ ಬಿಸಿನೀರಿನ ಚೀಲ ತಂದಿರಿ. ಡಾಕ್ಟರ ಹತ್ತಿರ ಕರೆದೊಯ್ದು ನನ್ನ ಪರವಾಗಿ ಮಾತಾಡಿದಿರಿ. ಪ್ರತಿಯೊಂದನ್ನೂ ನಾನು ತಿರುಗಿಸಿ, ಹಿಂಬದಿ ನೋಡಿದೆ. ಏನೂ ಸಿಗಲಿಲ್ಲ. ಸಿಗದಿದ್ದದ್ದಕ್ಕೆ ನಿಮ್ಮ ಮೇಲೇ ಸಿಟ್ಟು ಬಂತು.

ಬೇಸಿಗೆ ಬರುವ ಮುಂಚೆ ವಿನುತಾ ನಿಮ್ಮನ್ನು ತನ್ನ ಆಫೀಸಿನ ಇನ್ಶೂರೆನ್ಸಿಗೆ ಸೇರಿಸಲು ಹೊರಟಳು. ಗೋಡೆಯ ಮೇಲಿನ ಪ್ರತಿ ಆಗುವುದಿಲ್ಲ, ಕೋರ್ಟಿನ ಮೊಹರಿದ್ದ ನಕಲು ಬೇಕು ಎಂದರಂತೆ. ಅರ್ಜಿ ಹಾಕಿದಳು. ಅಂಥ ಮದುವೆಯೇ ದಾಖಲಾಗಿಲ್ಲ ಎಂದು ಉತ್ತರ ಬಂತು.

ಅಂದು ಮಧ್ಯಾಹ್ನವೇ ಮನೆಗೆ ಬಂದಳು. ಬ್ಯಾಗ್ ಕೂಡ ಕೆಳಗಿಡಲಿಲ್ಲ. "ಪೇಪರ್ ಯಾರು ಕಳಿಸಿದ್ದು?"

"ಶಾಸ್ತ್ರಿಗಳು ಮಾವನ ಕೈಗೆ ಕೊಟ್ರಲ್ಲ" ಎಂದಿರಿ ನೀವು. ಆರೋಪವಲ್ಲ ಅದು, ನಡೆದದ್ದನ್ನು ಹೇಳಿದಿರಿ.

ಇಬ್ಬರೂ ನನ್ನನ್ನು ನೋಡಿದಿರಿ. ಆ ಗಳಿಗೆಯಲ್ಲಿ — ನಾನು ಸೂಟ್‌ಕೇಸು ತೆರೆಯಬಹುದಿತ್ತು. ಬೈಸಿಕೊಳ್ಳಬಹುದಿತ್ತು. ಅದರ ಬದಲು ನನ್ನ ಬಾಯಿ ತಾನೇ ಹೇಳಿತು: "ನನ್ನ ಕೈಗೆ ಕೊಟ್ಟಿದ್ದು ನಿಜ. ಅವತ್ತು ಸಾಯಂಕಾಲ ಇವರು ಕೇಳಿದ್ರು. ನಾನು ಇವರ ಕೈಗೇ ಕೊಟ್ಟೆನಲ್ಲಮ್ಮ, ಹಾಕ್ತೀನಿ ಅಂದ್ರು."

ನೀವು ಬೆಚ್ಚಿದಿರಿ. "ಮಾವ, ನೀವೇ ಹಾಕಿದೆ ಅಂದ್ರಲ್ಲ!"

ಅಳಿಯನನ್ನು ಬಹುವಚನದಲ್ಲಿ ಮಾತಾಡಿಸುವುದು ನಮ್ಮ ಮನೆಯ ವಾಡಿಕೆ. ಆ ಮರ್ಯಾದೆಯನ್ನು ಬಿಡದೆಯೇ ನಿಮ್ಮನ್ನು ಕೊಂದೆ. ಸಾಲದೆಂಬಂತೆ ಗ್ಯಾರೇಜಿನ ಮಾತನ್ನೂ ಅವಳಿಗೆ ಹೇಳಿದೆ — ವಿನುಗೆ ಇನ್ನೂ ಹೇಳಿಲ್ಲ, ನೀನೂ ಬಾಯ್ಬಿಡ್ಬೇಡ.

ಸ್ವಲ್ಪ ಯೋಚಿಸಿದ್ದರೆ ನನ್ನ ಕಥೆಯೇ ನಿಲ್ಲುತ್ತಿರಲಿಲ್ಲ. ಗ್ರೀನ್ ಕಾರ್ಡಿಗೆಂದು ಮದುವೆಯಾದವನು ಆ ಕಾಗದವನ್ನು ಯಾಕೆ ಮುಚ್ಚಿಡುತ್ತಾನೆ? ಆದರೆ ಅನುಮಾನಕ್ಕೆ ಒಂದು ದಾರಿ ಮುಚ್ಚಿದರೆ ಇನ್ನೊಂದು ಇರುತ್ತದೆ. ವಿನುತಾ ಕೇಳಿದಳು: "ಊರಲ್ಲಿ ಬೇರೆ ಯಾರಾದ್ರೂ ಇದ್ದಾರಾ? ಅದಕ್ಕೇ ರಿಜಿಸ್ಟರ್ ಆಗ್ಬಾರ್ದು ಅಂತಾನಾ?"

ನೀವು ಆಗ ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. "ತಂಗಿ ಜೊತೆ ಮಾತಾಡ್ತಿದ್ದೆ ವಿನು. ಅಮ್ಮ ಮುನಿಸ್ಕೊಂಡಿದ್ಳು. ನಾನಿಲ್ದೆ ಆಗಿದ್ದು ಅದೆಂಥ ಮದುವೆ ಅಂತ ಕ್ಯಾಮೆರಾ ಮುಂದೇನೇ ಬರ್ಲಿಲ್ಲ. ಸರ್ಕಾರದ ಸರ್ಟಿಫಿಕೇಟ್ ತೋರ್ಸಿದ್ರೆ ಒಪ್ಕೋತಾಳೆ ಅಂದ್ಳು ತಂಗಿ. ನಿಂಗೆ ನೋವಾಗುತ್ತೆ ಅಂತ ನೆಟ್‌ವರ್ಕ್ ಅಂದೆ." ಮತ್ತೆ ಹೇಳಿದಿರಿ: "ಶಾಸ್ತ್ರಿಗಳಿಗೆ ಫೋನ್ ಮಾಡೋಣ. ಇನ್ನೊಂದು ಕಾಪಿಗೆ ಸೈನ್ ಹಾಕಿದ್ರೆ ಮುಗೀತು."

"ಮೊದಲ್ನೇದನ್ನ ಏನ್ ಮಾಡಿದ್ರಿ, ಅದನ್ನ ಹೇಳಿ" ಎಂದಳು ಅವಳು.

ಅಲ್ಲಿಗೆ ಬಂದು ನಿಂತಿತು. ಸರಿಪಡಿಸಬಹುದಾದ ಕಾಗದ ಅದು. ಸರಿಪಡಿಸಲಾಗದಂತೆ ಮಾಡಿದ್ದು ನನ್ನ ಮಾತು. ನೆಟ್‌ವರ್ಕ್ ಎಂದು ನೀವು ಹೇಳಿದ್ದ ಒಂದು ಸಣ್ಣ ಸುಳ್ಳಿನ ಮೇಲೆ ನನ್ನ ದೊಡ್ಡ ಸುಳ್ಳು ಗಟ್ಟಿಯಾಗಿ ಕುಳಿತುಬಿಟ್ಟಿತು. ಅಪ್ಪ ಹಾಗೆ ಹೇಳುವವನಲ್ಲ ಎಂದು ಅವಳು ನಂಬಿದ್ದಳು.

ನೀವು ಹೊರಡುವ ದಿನ ನನ್ನ ಕೋಣೆಗೆ ಬಂದಿರಿ. ಬಾಗಿಲಲ್ಲೇ ನಿಂತು ಮೆಲ್ಲಗೆ ಹೇಳಿದಿರಿ: "ಮಾವ, ಎಲ್ಲೋ ಇಟ್ಟು ಮರ್ತಿರ್ತೀರ. ವಯಸ್ಸಾದ್ಮೇಲೆ ಯಾರಿಗಾದ್ರೂ ಆಗುತ್ತೆ. ಮರ್ತೆ ಅಂತ ಒಂದ್ಮಾತು ಅಂದ್ಬಿಡಿ. ಸಾಕು. ನಾನು ಏನೂ ಕೇಳಲ್ಲ."

ಅರವಿಂದ, ಅಂದು ನೀವು ನನಗೆ ಬಾಗಿಲು ತೆರೆದು ಹಿಡಿದಿದ್ದಿರಿ. ನಿಮಗೆ ಗೊತ್ತಾಗಿತ್ತು — ಇಂದಿಗೂ ಅದೇ ನನ್ನ ಅನುಮಾನ — ಎಲ್ಲವೂ ಗೊತ್ತಾಗಿತ್ತು. ಆದರೂ ನನ್ನ ಮಾನ ಉಳಿಸಲು ದಾರಿ ಹುಡುಕಿದಿರಿ. ಅದಕ್ಕೆ ನಾನು ಹೇಳಿದ್ದು: "ನನಗೆ ಮರೆವಿಲ್ಲಪ್ಪ. ಜೀವಮಾನವೆಲ್ಲ ಟಿಕೆಟ್ ಚೆಕ್ ಮಾಡಿದವನು ನಾನು."

ನಿಮ್ಮ ಕಾರು ತಿರುವು ದಾಟಿದ ಮೇಲೆ ಸೂಟ್‌ಕೇಸು ತೆರೆದು, ಆ ಕಾಗದವನ್ನು ಚೂರು ಚೂರು ಮಾಡಿ, ರದ್ದಿಯ ನೀಲಿ ಡಬ್ಬಿಗೆ ಹಾಕಿದೆ. ಮನೆ ಉಳಿಸಿದೆ ಎಂದುಕೊಂಡೆನೇ? ಇಲ್ಲ. ಅಷ್ಟು ಮೂಢನಲ್ಲ. ಸಿಕ್ಕಿಬೀಳಬಾರದು ಎಂದುಕೊಂಡೆ.

ಡಿವೋರ್ಸ್ ಬೇಕಾಗಲಿಲ್ಲ. ದಾಖಲೆಯಲ್ಲಿ ಇಲ್ಲದ್ದು ನಡೆದೇ ಇಲ್ಲ ಎಂದು ಯಾರೋ ಹೇಳಿದರು, ವಿನುತಾಗೂ ಅದೇ ಸಾಕಾಗಿತ್ತು. ಆಮೇಲಿನ ವರ್ಷಗಳಲ್ಲಿ ಅವಳು ಕಡಿಮೆ ಮಾತಾಡಿದಳು. ನಿಮ್ಮ ಹೆಸರು ಬಂದರೆ ಎದ್ದು ಪಾತ್ರೆ ತೊಳೆಯುತ್ತಿದ್ದಳು. ನೀವು ಇನ್ನೂ ಅದೇ ವೀಸಾದಲ್ಲೇ ಇದ್ದೀರಿ, ಒಬ್ಬರೇ ಇದ್ದೀರಿ ಎಂದು ಅಲ್ಲಿ ಇಲ್ಲಿ ಕೇಳಿದಾಗಲೆಲ್ಲ ಬಸ್ಸಿನಿಂದ ಸುಮ್ಮಸುಮ್ಮನೆ ಇಳಿಸಿದ ಪ್ರಯಾಣಿಕನೊಬ್ಬ ರಸ್ತೆಯಲ್ಲೇ ನಿಂತಿರುವಂತೆ ಕಾಣುತ್ತಿತ್ತು.

ಈ ವರ್ಷ ಅವಳ ಜೊತೆ ಕೆಲಸ ಮಾಡುವ ಮ್ಯಾಥ್ಯೂ ಎಂಬವರು ಮದುವೆಯಾಗೋಣವೇ ಎಂದು ಅವಳನ್ನು ಕೇಳಿದರು. ಒಳ್ಳೆಯ ಮನುಷ್ಯ. ನೋಡಿ, ಒಳ್ಳೆಯ ಮನುಷ್ಯ ಎಂದು ಈಗ ಎಷ್ಟು ಸುಲಭವಾಗಿ ಬರೆಯುತ್ತಿದ್ದೇನೆ. ಲೈಸೆನ್ಸಿನ ದಿನ ಅವರು ಊರಿನಲ್ಲಿರಲಿಲ್ಲ; ಒಬ್ಬರು ಹೋದರೆ ಸಾಕಲ್ಲ. "ಬಾ ಅಪ್ಪಾ, ಜೊತೆಗೆ" ಎಂದು ವಿನುತಾ ನನ್ನನ್ನು ಕರೆದುಕೊಂಡು ಹೋದಳು. ಅದೇ ಕಚೇರಿ. ಗಾಜಿನಾಚೆ ಬೇರೆ ಯಾರೋ ಹುಡುಗ. ಹೆಸರು, ವಯಸ್ಸು, ಊರು. ಆಮೇಲೆ ಆ ಪ್ರಶ್ನೆ — ಹಿಂದೆ ಎಷ್ಟು ಮದುವೆಗಳಾಗಿವೆ?

ವಿನುತಾ ನನ್ನ ಕಡೆ ನೋಡಿ ಒಂದು ಥರ ನಕ್ಕಳು. "ರೆಕಾರ್ಡ್ ಪ್ರಕಾರ ನಿನ್ ಮಗಳು ಇನ್ನೂ ಕನ್ಯೆ ಅಪ್ಪಾ. ಝೀರೋ ಅಂತೀನಿ." ಹೇಳಿದ್ದೆಲ್ಲ ಸತ್ಯವೆಂದು ಪ್ರಮಾಣ ಮಾಡಬೇಕು ಎಂದ ಆ ಹುಡುಗ. ಅವಳು ಬಲಗೈ ಎತ್ತಿದಳು.

ನನ್ನ ಸುಳ್ಳಿಗೆ ನನ್ನ ಮಗಳು ಪ್ರಮಾಣ ಮಾಡುವುದನ್ನು ನೋಡುತ್ತ ಕೂರುವುದು —

"ತಡಿಯಮ್ಮ" ಎಂದೆ. "ಕೈ ಇಳಿಸು."

ಹೊರಗೆ ಬೆಂಚಿನ ಮೇಲೆ ಕುಳಿತು ಎಲ್ಲ ಹೇಳಿದೆ. ಕೊನೆಗೆ ಅವಳು ಒಂದೇ ಕೇಳಿದಳು: "ಮರ್ತೆ ಅಂತ ಹೇಳಿ ಅಂತ ಅವ್ರು ಕೇಳ್ಕೊಂಡ್ರಲ್ಲ, ಆವಾಗ್ಲೂ ಅದು ಸೂಟ್‌ಕೇಸಲ್ಲೇ ಇತ್ತಾ?"

"ಇತ್ತು."

ಅವಳು ಎದ್ದಳು. ಕಾರಿನ ಹತ್ತಿರ ಹೋಗಿ, ಬೀಗದ ಕೈ ಹಿಡಿದುಕೊಂಡು ಬಹಳ ಹೊತ್ತು ಹಾಗೇ ನಿಂತಳು.

ವಕೀಲರನ್ನು ಕಂಡು ಬಂದಿದ್ದಾಳೆ. ಲೈಸೆನ್ಸ್ ಇತ್ತು, ಮದುವೆ ನಡೆಯಿತು. ಕಾಗದ ಕೋರ್ಟಿಗೆ ಸೇರದ ಮಾತ್ರಕ್ಕೆ ಅದು ಮದುವೆ ಅಲ್ಲವೆಂದು ಆಗುವುದಿಲ್ಲ ಎಂಬುದು ಅವರ ಅಭಿಪ್ರಾಯವಂತೆ. ಹಾಗಾದರೆ ಇಷ್ಟು ವರ್ಷವೂ ನೀವು ನನ್ನ ಅಳಿಯನೇ. ಮ್ಯಾಥ್ಯೂಗೆ ಎಲ್ಲವನ್ನೂ ಹೇಳಿದ್ದಾಳೆ; ಮುಂದೇನು ಎಂದು ನನಗೆ ಯಾರೂ ಹೇಳುತ್ತಿಲ್ಲ, ಕೇಳುವ ಯೋಗ್ಯತೆ ನನಗಿಲ್ಲ. ನಡೆದದ್ದನ್ನು ವಕೀಲರ ಮುಂದೆ ಪ್ರಮಾಣ ಮಾಡಿ ಬರೆದುಕೊಡಲು ಒಪ್ಪಿದ್ದೇನೆ. ನಿಮಗೆ ಫೋನು ಮಾಡು ಎಂದು ನಾನು ಹೇಳಿದಾಗ ವಿನುತಾ, "ನಾನು ಮಾಡಲ್ಲ. ನೀನು ಬರಿ. ನಿನ್ನ ಕೈಯಾರೆ ಬರಿ. ನಾನು ಪೋಸ್ಟ್ ಮಾಡ್ತೀನಿ" ಎಂದಳು. ಪೋಸ್ಟ್ ಮಾಡುವ ಕೆಲಸವನ್ನು ನನಗೆ ಬಿಡಲಿಲ್ಲ.

ಕ್ಷಮೆ ಕೇಳುವುದಿಲ್ಲ, ಅರವಿಂದ. ಕೇಳಿದರೆ ಅದನ್ನೂ ನೀವೇ ಕೊಡಬೇಕಾಗುತ್ತದೆ; ನೀವು ಕೊಟ್ಟದ್ದೆಲ್ಲ ತಿರುಗಿಸಿ ನೋಡಿದವನು ನಾನು. ನಿಮ್ಮ ತಾಯಿಗೆ ಓದಿ ಹೇಳಬೇಕೆನ್ನಿಸಿದರೆ ಇದನ್ನು ಓದಿ ಹೇಳಿ. ನಿಮ್ಮನ್ನು ತಿಳಿದವರಿಗೆಲ್ಲ ತೋರಿಸಿ. ನನ್ನ ಹೆಸರು ಮರೆಮಾಡಬೇಡಿ.

ಇಂದು ಬೆಳಿಗ್ಗೆ ತಿಂಡಿಯಾದ ಮೇಲೆ ವಿನುತಾ, "ಬಿಪಿ ಮಾತ್ರೆ ತಗೊಂಡ್ಯಾ ಅಪ್ಪಾ?" ಎಂದು ಕೇಳಿದಳು. ತಗೊಂಡೆ ಎಂದೆ. ನಿಜವಾಗಿಯೂ ತೆಗೆದುಕೊಂಡಿದ್ದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಮಾತ್ರೆಯ ಡಬ್ಬಿ ತೆಗೆದು, ಮುಚ್ಚಳ ತೆರೆದು, ಒಳಗೆ ನೋಡಿದಳು.

ನೋಡಲಿ.